ಕಾರ್ಡಿಗೂ ಬೇಕು, ಕಾಲಹರಣಕ್ಕೂ ಬೇಕು: ಯಾವ ವೆಬ್‌ಸೈಟ್ ನಂಬಬಹುದು?

ಪ್ರಶ್ನೆ: ಮಂಡ್ಯದಲ್ಲಿ ಮನೆಯಿಂದಲೇ ಮದುವೆ ಆಮಂತ್ರಣ, ಗೃಹಪ್ರವೇಶದ ಕಾರ್ಡು, ಸಿಹಿ ಡಬ್ಬಿಯ ಲೇಬಲ್ಲು ಮಾಡಿಕೊಡುತ್ತೇನೆ. ಚಿತ್ರ ಬಿಡಿಸುವುದೂ ಇಷ್ಟ. 4 ಜಿಬಿ ರ್‍ಯಾಮ್ ಇರುವ ಹಳೇ ಲ್ಯಾಪ್‌ಟಾಪು, ತಿಂಗಳಿಗೆ ದುಡ್ಡು ಕಟ್ಟುವ ಸಾಫ್ಟ್‌ವೇರ್ ಕೈಗೆಟುಕುವುದಿಲ್ಲ. ಕೆಲಸಕ್ಕೆ ಬರುವ, ಬೇಜಾರಾದಾಗ ಆಟಕ್ಕೂ ಆಗುವ ಒಳ್ಳೆಯ ಸೈಟುಗಳನ್ನು ಹೇಳಿ. ಇನ್ನೊಂದು, ನನ್ನ ಕನ್ನಡ ಪ್ರೆಸ್ಸಿಗೆ ಹೋದ ಮೇಲೆ ಒತ್ತಕ್ಷರ ಒಡೆದು ಬರುತ್ತದೆ. ಅವರು ನುಡಿಯಲ್ಲೇ ಕೊಡಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಕೊನೆಯಲ್ಲಿ ಕೇಳಿದ್ದನ್ನೇ ಮೊದಲು ನೋಡೋಣ. ಒತ್ತಕ್ಷರದ ತಾಪತ್ರಯ ತೀರದೆ ಎಷ್ಟು ಸೈಟು ಹೇಳಿದರೂ ನಿಮ್ಮ ಕಾರ್ಡು ಉದ್ಧಾರವಾಗುವುದಿಲ್ಲ.

ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳಾದ ನುಡಿ, ಬರಹಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು. ಆ ಫಾಂಟು ಇಲ್ಲದಿದ್ದರೆ ಉಳಿಯುವುದು ಇಂಗ್ಲಿಷ್ ಚಿಹ್ನೆಗಳ ಚಿತ್ರಾನ್ನ. ಯುನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಆದರೆ ಒತ್ತನ್ನು ಅಕ್ಷರದ ಕೆಳಗೆ ಕೂರಿಸುವ ಕೆಲಸ ಸಾಫ್ಟ್‌ವೇರಿನದು. ಆ ಕೆಲಸ ಬಾರದ ಸಾಫ್ಟ್‌ವೇರ್ ‘ಕೃಷ್ಣ’ನನ್ನು ‘ಕೃಷ್‌ಣ’ ಮಾಡುತ್ತದೆ. ಕೆಲವು ಪ್ರೆಸ್ಸುಗಳಲ್ಲಿ ಈಗಲೂ ಓಡುತ್ತಿರುವ, ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತೇ ಇಲ್ಲ. ಅವರು ನುಡಿ ಕೇಳುವುದು ಹಟಕ್ಕಲ್ಲ.

ಆದರೆ ಅವರಿಗೆ ನಿಜವಾಗಿ ಬೇಕಿರುವುದು ನೀವು ಟೈಪ್ ಮಾಡಿದ ಪಠ್ಯವಲ್ಲ, ಅಚ್ಚಿಗೆ ಹೋಗುವ ಆಕಾರ. ಇಂಕ್‌ಸ್ಕೇಪ್ ಸೈಟಿಗೆ ಹೋಗಿ ಅದೇ ಹೆಸರಿನ ಉಚಿತ ಸಾಫ್ಟ್‌ವೇರ್ ಇಳಿಸಿಕೊಳ್ಳಿ. ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ನಿಮ್ಮ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಕಾರ್ಡು ಮುಗಿದ ಮೇಲೆ ಪಿಡಿಎಫ್ ಆಗಿ ಉಳಿಸುವಾಗ ತೆರೆಯುವ ಕಿಟಕಿಯಲ್ಲಿ ‘ಕನ್ವರ್ಟ್ ಟೆಕ್ಸ್ಟ್ ಟು ಪಾತ್ಸ್’ ಆಯ್ಕೆ ಇರುತ್ತದೆ, ಅದನ್ನು ಆರಿಸಿ. ಅಕ್ಷರಗಳೆಲ್ಲ ಗೆರೆಗಳಾಗುತ್ತವೆ, ಪ್ರೆಸ್ಸಿನಲ್ಲಿ ಫಾಂಟೇ ಬೇಕಾಗುವುದಿಲ್ಲ. ಹಾಗೆ ಮಾಡಿದ ಪಿಡಿಎಫ್‌ನಲ್ಲಿ ಅಕ್ಷರ ತಿದ್ದಲಾಗದು, ಆದ್ದರಿಂದ ಮೂಲ ಎಸ್‌ವಿಜಿ ಫೈಲನ್ನು ಬೇರೆಯಾಗಿ ಇಟ್ಟುಕೊಳ್ಳಿ. ಮುಹೂರ್ತದ ಸಮಯ ಬದಲಾಯಿತು ಎಂಬ ಫೋನು ಪಿಡಿಎಫ್ ಕಳಿಸಿದ ಮೇಲೆಯೇ ಬರುವುದು!

ಯಾವುದೇ ಹೊಸ ಸೈಟನ್ನು ಕೆಲಸಕ್ಕೆ ಹಚ್ಚುವ ಮುನ್ನ ಒಂದು ಸಾಲು ಟೈಪ್ ಮಾಡಿ ನೋಡಿ: ‘ಜ್ಯೋತ್ಸ್ನಾ, ರಾಷ್ಟ್ರ, ಕೃಷ್ಣ, ಕಾರ್ಯಕ್ರಮ, ರಾಜ್‌ಕುಮಾರ್’. ಮೊದಲ ಎರಡರಲ್ಲಿ ಒತ್ತಿಗೆ ಒತ್ತು ಇದೆ, ನಾಲ್ಕನೆಯದರಲ್ಲಿ ಅರ್ಕಾವತ್ತು. ಐದನೆಯದರಲ್ಲಿ ‘ಜ್’ ಆದಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇದೆ, ಒತ್ತಾಗದಂತೆ ತಡೆಯುವುದೇ ಅದರ ಕೆಲಸ. ನುಡಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಲ್ಲಿ ಇದು ಕಳೆದುಹೋದರೆ ಮದುಮಗ ‘ರಾಜ್ಕುಮಾರ್’ ಆಗುತ್ತಾನೆ. ಕರಡು ತಿದ್ದುವಾಗ ಹೆಸರುಗಳನ್ನು ಪ್ರತ್ಯೇಕವಾಗಿ ಓದಿ. ಕೆಲವು ವರ್ಷ ಹಳೆಯ ಅಸಲಿ ಫೋಟೋಶಾಪ್ ಇರುವ ಗೆಳೆಯರಿಗೆ ಇದೇ ತೊಂದರೆ ಬಂದರೆ, ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಲು ಹೇಳಿ. ಇನ್ನೂ ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’.

ಫಾಂಟಿಗೆ ಗೂಗಲ್ ಫಾಂಟ್ಸ್ ಒಂದೇ ಸಾಕು. ಭಾಷೆ ಕನ್ನಡ ಎಂದು ಆರಿಸಿ, ಮಾದರಿ ಸಾಲಿನ ಜಾಗದಲ್ಲಿ ವಧೂವರರ ಹೆಸರನ್ನೇ ಹಾಕಿ ನೋಡಿ. ಅಲ್ಲಿರುವ ಫಾಂಟುಗಳನ್ನು ಮಾರಾಟದ ಕೆಲಸಕ್ಕೂ ಧಾರಾಳವಾಗಿ ಬಳಸಬಹುದು. ಒಕ್ಕಣೆಗೆ ಟಿರೋ ಕನ್ನಡ ಇಲ್ಲವೇ ನೋಟೋ ಸೆರಿಫ್ ಕನ್ನಡ, ಹೆಸರುಗಳಿಗೆ ಬಲೂ ತಮ್ಮ 2 ಅಥವಾ ಅಕಾಯಾ ಕನಡಕ. ಅನೇಕ್ ಕನ್ನಡದಲ್ಲಿ ದಪ್ಪ, ಅಗಲ ಎರಡನ್ನೂ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದು. ‘ಚಿಕ್ಕಮರಳಿ’ಯಂಥ ಉದ್ದದ ಊರಹೆಸರು ಇಕ್ಕಟ್ಟಾದ ಲೇಬಲ್ಲಿನಲ್ಲಿ ಕೂರಬೇಕಾದಾಗ ಅದು ಕೈಹಿಡಿಯುತ್ತದೆ. ಅಕಾಯಾ, ಹುಬ್ಬಳ್ಳಿ, ಬೆಣ್ಣೆ ಈ ಮೂರು ಫಾಂಟಿಗೂ ಒಂದೇ ದಪ್ಪ. ‘ಬೋಲ್ಡ್’ ಒತ್ತಿದರೆ ಸಾಫ್ಟ್‌ವೇರು ಸುಳ್ಳು ದಪ್ಪ ಬಳಿಯುತ್ತದೆ, ಒತ್ತಕ್ಷರದ ಒಳಗಿನ ಸಂದುಗಳು ಮುಚ್ಚಿಹೋಗುತ್ತವೆ. ಸಾಲಿನ ಅಂತರವನ್ನು ಇಂಗ್ಲಿಷಿನ ಲೆಕ್ಕದಲ್ಲಿ ಬಿಡಬೇಡಿ. 12 ಪಾಯಿಂಟಿನ ಕನ್ನಡಕ್ಕೆ 18ರಿಂದ 19 ಪಾಯಿಂಟ್ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ತಲೆಗೆ ಬಡಿಯುತ್ತದೆ.

ಫೋಟೋ ತಿದ್ದಲು ಫೋಟೋಪಿಯಾ. ಬ್ರೌಸರಿನಲ್ಲೇ ತೆರೆಯುತ್ತದೆ, ನೋಟ ಫೋಟೋಶಾಪಿನಂತೆಯೇ, ಅದರ ಪಿಎಸ್‌ಡಿ ಫೈಲುಗಳನ್ನೂ ತೆರೆಯುತ್ತದೆ. ನಿಮ್ಮ ಚಿತ್ರ ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ, ಕೆಲಸವೆಲ್ಲ ನಿಮ್ಮ ಕಂಪ್ಯೂಟರಿನ ಒಳಗೇ ನಡೆಯುತ್ತದೆ. ತೊಂದರೆಯೂ ಅಲ್ಲೇ ಇದೆ. ಆರಡಿ ಉದ್ದ, ಮೂರಡಿ ಎತ್ತರದ ಬ್ಯಾನರನ್ನು 72 ಡಿಪಿಐಯಲ್ಲಿ (ಇಂಚಿಗೆ 72 ಚುಕ್ಕಿ) ತೆರೆದರೆ 5184×2592 ಪಿಕ್ಸೆಲ್, ತುಂಬಿದ ಒಂದು ಲೇಯರಿಗೇ ಹತ್ತಿರ ಹತ್ತಿರ 54 ಎಂಬಿ. ಹತ್ತು ಲೇಯರ್ ಹಾಕಿದಿರೋ, 4 ಜಿಬಿ ಲ್ಯಾಪ್‌ಟಾಪು ಏದುಸಿರು ಬಿಡುತ್ತದೆ. ಬ್ಯಾನರಿನ ಫೋಟೋವನ್ನು ಮಾತ್ರ ಫೋಟೋಪಿಯಾದಲ್ಲಿ ತಿದ್ದಿ, ಅಕ್ಷರ ಮತ್ತು ಅಂಚನ್ನು ಇಂಕ್‌ಸ್ಕೇಪಿನಲ್ಲಿ ಮಾಡಿ. ಕಾಲು ಗಂಟೆಗೊಮ್ಮೆ ‘ಸೇವ್ ಆ್ಯಸ್ ಪಿಎಸ್‌ಡಿ’ ಕೊಡುತ್ತಿರಿ. ಕರೆಂಟು ಹೋದರೆ, ಟ್ಯಾಬು ಮುಚ್ಚಿದರೆ ಹೋದದ್ದು ಹೋದ ಹಾಗೆಯೇ. ಹಿನ್ನೆಲೆ ಅಳಿಸುವ ರಿಮೂವ್ ಬಿಜಿಯನ್ನೂ ಜನ ಬಹಳ ಬಳಸುತ್ತಾರೆ, ಆದರೆ ಪುಕ್ಕಟೆ ಸಿಗುವುದು ಕಾಲು ಮೆಗಾಪಿಕ್ಸೆಲ್ ಚಿತ್ರ. ಅಚ್ಚಿನಲ್ಲಿ ಅದು ಎರಡಿಂಚು ದಾಟಿದರೆ ಮಸುಕು. ವಾಟ್ಸಾಪ್ ಸ್ಟೇಟಸ್ಸಿಗೆ ಸರಿ, ಕಾರ್ಡಿಗೆ ಬೇಡ.

ಅಳತೆಯ ವಿಷಯ. 5×7 ಇಂಚಿನ ಕಾರ್ಡಿಗೆ ನಾಲ್ಕೂ ಬದಿಗೆ 3 ಮಿ.ಮೀ. ಹೆಚ್ಚುವರಿ ಬಣ್ಣ ಬಿಡಬೇಕು. ಕತ್ತರಿಸುವ ಯಂತ್ರ ಕೂದಲೆಳೆ ಆಚೀಚೆ ಆದರೂ ಬಿಳಿ ಅಂಚು ಕಾಣಬಾರದಲ್ಲ, ಅದಕ್ಕೆ. 300 ಡಿಪಿಐಯಲ್ಲಿ ಇದು 1571×2171 ಪಿಕ್ಸೆಲ್. ಅಕ್ಷರಗಳು ಕತ್ತರಿಸುವ ಗೆರೆಯಿಂದ 5 ಮಿ.ಮೀ. ಒಳಗಿರಲಿ. ಪ್ರೆಸ್ಸಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಬಣ್ಣಕ್ಕೆ ಎರಡು ತಾಣ. ಕೂಲರ್ಸ್‌ನಲ್ಲಿ ಸ್ಪೇಸ್‌ಬಾರ್ ಒತ್ತಿದಂತೆಲ್ಲ ಐದು ಬಣ್ಣಗಳ ಹೊಸ ಜೋಡಣೆ ಬರುತ್ತದೆ. ಹಿಡಿಸಿದ್ದಕ್ಕೆ ಬೀಗ ಹಾಕಿ ಮತ್ತೆ ಒತ್ತಿದರೆ ಉಳಿದವು ಮಾತ್ರ ಬದಲಾಗುತ್ತವೆ. ಅರ್ಧ ಗಂಟೆ ಹೋದದ್ದೇ ತಿಳಿಯದ ಆಟ ಇದು. ಅಡೋಬಿ ಕಲರ್ ಇನ್ನೂ ಉಪಯುಕ್ತ: ನಿಮ್ಮದೇ ಫೋಟೋ ಕೊಟ್ಟರೆ ಅದರಿಂದ ಬಣ್ಣ ಹೆಕ್ಕಿ ಕೊಡುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮ, ಬಣ್ಣದ ಪುಡಿಗಳನ್ನು ಗೋಪುರದಂತೆ ಒಟ್ಟಿರುತ್ತಾರಲ್ಲ, ಅದರದೊಂದು ಫೋಟೋ ನೆರಳಿನಲ್ಲಿ ತೆಗೆದು ಕೊಟ್ಟು ನೋಡಿ. ಬಿಸಿಲಿನಲ್ಲಿ ತೆಗೆದರೆ ಕೆಂಪು, ಕೇಸರಿ ಎರಡೂ ಸುಟ್ಟು ಒಂದೇ ಆಗುತ್ತವೆ. ಅಮ್ಮನ ಮೈಸೂರು ರೇಷ್ಮೆ ಸೀರೆಯ ಮಡಿಕೆಯ ಫೋಟೋ ಕೊಟ್ಟರೆ ಜರಿಯ ಬಣ್ಣ, ಒಡಲಿನ ಬಣ್ಣ, ಮಡಿಕೆಯ ನೆರಳಿನ ಬಣ್ಣ ಮೂರೂ ಸಿಗುತ್ತವೆ. ಆ ಮೂರರಲ್ಲೇ ಒಂದು ಆಮಂತ್ರಣ ಮುಗಿಸಬಹುದು.

ಆಯ್ದ ಜೋಡಿ ಓದಲು ಬರುತ್ತದೆಯೇ ಎಂದು ವೆಬ್‌ಏಮ್‌ನ ಕಾಂಟ್ರಾಸ್ಟ್ ಚೆಕರ್‌ನಲ್ಲಿ ಅಳೆಯಿರಿ. ಎರಡು ಬಣ್ಣಗಳ ವ್ಯತ್ಯಾಸದ ಅನುಪಾತ ಸಣ್ಣ ಅಕ್ಷರಕ್ಕೆ 4.5ರ ಮೇಲೆ, ದೊಡ್ಡದಕ್ಕೆ 3ರ ಮೇಲೆ ಇರಬೇಕು. ಮೆರೂನ್ ಮೇಲಿನ ಚಿನ್ನದ ಬಣ್ಣ 5ರ ಸುಮಾರು ಬರುತ್ತದೆ, ಪಾಸು. ಅದೇ ಚಿನ್ನ ಬಿಳಿಯ ಮೇಲೆ ಬಂದರೆ 2ರ ಆಸುಪಾಸು, ಕನ್ನಡಕ ಹಾಕಿಕೊಂಡ ಅಜ್ಜಿಗೆ ಕಲ್ಯಾಣ ಮಂಟಪದ ಹೆಸರೇ ಕಾಣುವುದಿಲ್ಲ. ಹಸಿರಿನ ಮೇಲೆ ಕೆಂಪಂತೂ ಎಷ್ಟೋ ಸಲ ಒಂದೂವರೆಯನ್ನೂ ಮುಟ್ಟದು. ಪರದೆಯಲ್ಲಿ ಮಿಂಚುವ ಗಿಣಿಹಸಿರು, ಉರಿಯುವ ಕಿತ್ತಳೆ ಅಚ್ಚಿನಲ್ಲಿ ಮಂಕಾಗುತ್ತವೆ, ಏಕೆಂದರೆ ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಅಚ್ಚು ನಾಲ್ಕು ಶಾಯಿಗಳಿಂದ. ಇನ್ನೊಂದು ಸೂಕ್ಷ್ಮ: ಪರದೆಯ ಕಪ್ಪು ಹಾಗೇ ಅಚ್ಚಿಗೆ ಹೋದರೆ ನಾಲ್ಕೂ ಶಾಯಿ ಬೆರೆತ ಕಪ್ಪಾಗುತ್ತದೆ. ಪ್ಲೇಟುಗಳು ಎಳ್ಳಷ್ಟು ಸರಿದರೂ ಸಣ್ಣ ಅಕ್ಷರದ ಸುತ್ತ ಬಣ್ಣದ ನೆರಳು ಬೀಳುತ್ತದೆ. ಒಕ್ಕಣೆ ಬರಿಯ ಕಪ್ಪು ಶಾಯಿಯಲ್ಲೇ ಬರಲಿ ಎಂದು ಪ್ರೆಸ್ಸಿನವರಿಗೆ ಮೊದಲೇ ಹೇಳಿಬಿಡಿ.

ಚಿತ್ರಗಳಿಗೆ ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್, ಪಿಕ್ಸಬೇ ಎಲ್ಲರಿಗೂ ಗೊತ್ತಿರುವವೇ. ಹಣ ಗಳಿಸುವ ಕೆಲಸಕ್ಕೂ ಬಳಸಬಹುದು, ಆದರೆ ಚಿತ್ರವನ್ನು ಇದ್ದ ಹಾಗೆಯೇ ಮುದ್ರಿಸಿ ಮಾರುವಂತಿಲ್ಲ. ನಮ್ಮ ಕಡೆಯ ಮುಖ, ಮಂಟಪ, ಬಾಳೆಕಂಬ ಅಲ್ಲಿ ಕಡಿಮೆ. ಅದಕ್ಕಿಂತ ವಸ್ತುಸಂಗ್ರಹಾಲಯಗಳ ತಾಣಗಳು ವಾಸಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ 2020ರಲ್ಲಿ ಲಕ್ಷಗಟ್ಟಲೆ ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟವು. ಮೆಟ್‌ನ ಸಂಗ್ರಹದಲ್ಲಿ ಗಣೇಶ ಎಂದು ಇಂಗ್ಲಿಷಿನಲ್ಲಿ ಹುಡುಕಿ, ‘ಓಪನ್ ಆ್ಯಕ್ಸೆಸ್’ ಗುರುತು ಹಾಕಿದರೆ ಹಳೆಯ ಶಿಲ್ಪ, ಚಿತ್ರಪಟಗಳು ದೊಡ್ಡ ಗಾತ್ರದಲ್ಲೇ ಸಿಗುತ್ತವೆ. ಎಲ್ಲ ಆಮಂತ್ರಣಗಳಲ್ಲೂ ಕಾಣುವ ಅದೇ ಸವೆದ ಗಣಪತಿಯಿಂದ ಬಿಡುಗಡೆ! ವಿಕಿಮೀಡಿಯ ಕಾಮನ್ಸ್‌ನಲ್ಲಿ ಮೈಸೂರು ಅರಮನೆಯ, ಶ್ರೀರಂಗಪಟ್ಟಣದ, ಮೇಲುಕೋಟೆಯ ಚಿತ್ರಗಳು ಬೇಕಾದಷ್ಟಿವೆ, ಆದರೆ ಪ್ರತಿ ಚಿತ್ರದ ಕೆಳಗಿನ ಪರವಾನಗಿ ಓದಬೇಕು. ‘ಬಿವೈ’ ಎಂದಿದ್ದರೆ ತೆಗೆದವರ ಹೆಸರು ಹಾಕಬೇಕು. ‘ಎಸ್‌ಎ’ ಸೇರಿದ್ದರೆ ನೀವು ಬದಲಿಸಿ ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಗಿರಾಕಿಯ ಮದುವೆ ಕಾರ್ಡಿಗೆ ಆ ರಗಳೆ ಬೇಡ, ಯಾವ ಷರತ್ತೂ ಇಲ್ಲದ ‘ಸಿಸಿ ಝೀರೋ’ ಇರುವುದನ್ನೇ ಆರಿಸಿ.

ಚಿತ್ರ ತಯಾರಿಸಿಕೊಡುವ ಎಐ ತಾಣಗಳಲ್ಲಿ ಕನ್ನಡ ಅಕ್ಷರ ಆಗಾಗ ಕನ್ನಡವೂ ಅಲ್ಲದ ತೆಲುಗೂ ಅಲ್ಲದ ಲಿಪಿಯಾಗಿ ಬರುತ್ತದೆ. ಅಲ್ಲಿ ಅಕ್ಷರವಿಲ್ಲದ ಹಿನ್ನೆಲೆ ಮಾತ್ರ ಮಾಡಿಸಿ.

ಕವಿತೆಯ ಸಾಲು ಹಾಕುವವರು ಗಮನಿಸಬೇಕಾದದ್ದು: ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ಹೋದದ್ದು 2003ರಲ್ಲಿ. ಅವರು ಮಂಡ್ಯದವರೇ ಆದರೂ ಅವರ ಸಾಲುಗಳನ್ನು ಮಗ್ಗಿನ ಮೇಲೆ, ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರಲು 2063 ಮುಗಿಯುವವರೆಗೂ ಅನುಮತಿ ಬೇಕು. ಡಿ.ವಿ.ಜಿ. ತೀರಿಕೊಂಡದ್ದು 1975, ಅವರ ಪದ್ಯಗಳಿಗೆ 2035 ಮುಗಿಯಬೇಕು. ವಚನಗಳಿಗೆ ಈ ತೊಡಕಿಲ್ಲ. ವಚನ ಸಂಚಯದಲ್ಲಿ ಒಂದು ಪದ ಕೊಟ್ಟರೆ, ಅದು ಯಾವ ಯಾವ ವಚನದಲ್ಲಿದೆ ಎಂದು ಹುಡುಕಿಕೊಡುತ್ತದೆ. ‘ದೀಪ’, ‘ಮನೆ’ ಎಂದು ಹುಡುಕಿ ನೋಡಿ, ಗೃಹಪ್ರವೇಶದ ಕಾರ್ಡಿಗೆ ಸವೆಯದ ಸಾಲು ಸಿಗುತ್ತದೆ. ಪದದ ಅನುಮಾನ ಬಂದರೆ ಅಲರ್ ನಿಘಂಟು, ಜಾಹೀರಾತಿನ ಕಾಟವಿಲ್ಲದೆ ಚಕಚಕನೆ ತೆರೆಯುತ್ತದೆ.

ಇನ್ನು ಡಬ್ಬಿ. ಲೇಬಲ್ಲು ಮಾಡುವವರು ಡಬ್ಬಿಯನ್ನೂ ಮಾಡಿದರೆ ದರ ಬೇರೆಯೇ. ಟೆಂಪ್ಲೇಟ್‌ಮೇಕರ್ ಎಂಬ ತಾಣದಲ್ಲಿ ಉದ್ದ, ಅಗಲ, ಎತ್ತರವನ್ನು ಮಿಲಿಮೀಟರಿನಲ್ಲಿ ಕೊಟ್ಟರೆ ಕತ್ತರಿಸಿ ಮಡಚುವ ನಕ್ಷೆ ಪಿಡಿಎಫ್ ಅಥವಾ ಎಸ್‌ವಿಜಿ ಆಗಿ ಬರುತ್ತದೆ. ಆರು ತುಂಡು ಮೈಸೂರು ಪಾಕಿನ ಡಬ್ಬಿ ಎಂದಿಟ್ಟುಕೊಳ್ಳಿ. ತುಂಡು ಒಂದೊಂದೂ 40×30 ಮಿ.ಮೀ., ದಪ್ಪ 25. ಎರಡು ಸಾಲಿನಲ್ಲಿ ಮೂರು ಮೂರು ಜೋಡಿಸಿದರೆ 80×90. ಬೆಣ್ಣೆ ಕಾಗದಕ್ಕೂ ಬೆರಳಾಡಿಸಲಿಕ್ಕೂ 3 ಮಿ.ಮೀ. ಸೇರಿಸಿ ತಳದ ತಟ್ಟೆಗೆ 83×93×28 ಎಂದು ಕೊಡಿ. ಮುಚ್ಚಳವೂ ಅದೇ ನಮೂನೆಯ ತಟ್ಟೆಯೇ, ಆದರೆ 85×95. ಒಂದೇ ಅಳತೆ ಕೊಟ್ಟರೆ ಮುಚ್ಚಳ ಕೂರುವುದಿಲ್ಲ, 4 ಮಿ.ಮೀ. ಹೆಚ್ಚಾದರೆ ಲೊಡಲೊಡ. ಎರಡೂ ಒಂದೊಂದು ಎ4 ಹಾಳೆಯಲ್ಲಿ ಹಿಡಿಯುತ್ತವೆ.

ಇಲ್ಲಿ ಕೆಡುವುದು ಮುದ್ರಿಸುವಾಗ. ಪ್ರಿಂಟ್ ಕಿಟಕಿಯಲ್ಲಿ ‘ಫಿಟ್’ ಎಂದಿದ್ದರೆ ನಕ್ಷೆ ಸದ್ದಿಲ್ಲದೆ ಕುಗ್ಗುತ್ತದೆ. ನೂರಕ್ಕೆ ನಾಲ್ಕು ಕುಗ್ಗಿದರೂ 83 ಇಳಿದು 80ರೊಳಗೆ ಬರುತ್ತದೆ, ಪಾಕು ಅಂಚು ಉದುರದೆ ಒಳಗೆ ಹೋಗದು. ‘ಆ್ಯಕ್ಚುವಲ್ ಸೈಜ್’ ಇಡಿ, ಮೊದಲು ಸಾದಾ ಹಾಳೆಯಲ್ಲಿ ತೆಗೆದು ಸ್ಕೇಲಿಟ್ಟು ಅಳೆಯಿರಿ. ನಂತರ 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಕಾರ್ಡ್ ಶೀಟು. ಮನೆಯ ಪ್ರಿಂಟರಿನಲ್ಲಿ ಅಷ್ಟು ದಪ್ಪ ಸಿಕ್ಕಿಬೀಳಬಹುದು, ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿ. ಮಡಿಕೆಯ ಗೆರೆಗಳ ಮೇಲೆ ರೀಫಿಲ್ ಖಾಲಿಯಾದ ಬಾಲ್‌ಪೆನ್ನಿನಿಂದ ಸ್ಕೇಲಿಟ್ಟು ಒಮ್ಮೆ ಒತ್ತಿ ಎಳೆಯಿರಿ, ಆಮೇಲೆ ಮಡಚಿ. ಹಾಗೆ ಮಾಡದೆ ಮಡಚಿದರೆ ಬಣ್ಣ ಬಿರಿದು ಬಿಳಿ ಗೆರೆ ಏಳುತ್ತದೆ. ಅಂಟಿನ ನಾಲಿಗೆಗಳ ಮೇಲೆ ಬಣ್ಣ ಹಾಕಬೇಡಿ. ತುಪ್ಪ ಕಾಗದಕ್ಕೆ ಇಳಿಯದಂತೆ ಒಳಗೆ ಬೆಣ್ಣೆ ಕಾಗದ ಹಾಸುವುದನ್ನು ಮರೆಯಬೇಡಿ, ಮರೆತರೆ ಒಂದೇ ರಾತ್ರಿಯಲ್ಲಿ ನಿಮ್ಮ ಲೇಬಲ್ಲಿನ ಮೇಲೆ ಭೂಪಟ ಮೂಡಿಬಿಡುತ್ತದೆ.

ಆಟಕ್ಕೆ ಬರೋಣ. ಆಡುತ್ತಾ ಕೈ ತಿರುಗಿಸುವ ತಾಣಗಳಲ್ಲಿ ಮೊದಲ ಮಣೆ ಬೆಝಿಯರ್ ಗೇಮ್‌ಗೆ. ಕಡಿಮೆ ಬಿಂದುಗಳಲ್ಲಿ ವಕ್ರರೇಖೆ ಎಳೆಯುವುದನ್ನು ಕಲಿಸುತ್ತದೆ, ಇಂಕ್‌ಸ್ಕೇಪಿನ ಪೆನ್ನಿಗೆ ನೇರ ತಾಲೀಮು. ಕನ್ನಡದ ದುಂಡಗಿನ ಅಕ್ಷರ ಬರೆಯುವವರಿಗಂತೂ ಇದು ಬೇಕೇ ಬೇಕು. ‘ಠ’ದ ವೃತ್ತಕ್ಕೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಾಲ್ಕು ಬಿಂದು ಸಾಕು. ಹತ್ತು ಇಟ್ಟರೆ ಅದು ಕಜ್ಜಾಯದ ಅಂಚಿನಂತೆ ಅಂಕುಡೊಂಕಾಗುತ್ತದೆ. ಅದೇ ತಂಡದ ಕರ್ನ್ ಟೈಪ್ ಆಟದಲ್ಲಿ ಅಕ್ಷರಗಳ ನಡುವಿನ ಜಾಗ ಹೊಂದಿಸಬೇಕು. ಅಲ್ಲಿರುವುದು ಇಂಗ್ಲಿಷ್ ಅಕ್ಷರವಾದರೂ ಕಣ್ಣಿಗೆ ಆಗುವ ಅಭ್ಯಾಸ ಎಲ್ಲ ಲಿಪಿಗೂ ಒಂದೇ.

ಕ್ವಿಕ್, ಡ್ರಾ! ಆಟದಲ್ಲಿ 20 ಸೆಕೆಂಡಿನಲ್ಲಿ ನೀವು ಬಿಡಿಸಿದ್ದು ಏನೆಂದು ಗೂಗಲ್ಲಿನ ಯಂತ್ರ ಊಹಿಸುತ್ತದೆ, ಮಕ್ಕಳ ಜೊತೆ ಕೂತರೆ ನಗು. ಗಂಭೀರವಾಗಿ ಚಿತ್ರ ಕಲಿಯಬೇಕೆಂದರೆ ಡ್ರಾಎಬಾಕ್ಸ್. ಗೆರೆ, ದೀರ್ಘವೃತ್ತ, ಪೆಟ್ಟಿಗೆಗಳಿಂದ ಶುರುವಾಗುವ ಉಚಿತ ಪಾಠಗಳು. 250 ಪೆಟ್ಟಿಗೆ ಬಿಡಿಸುವ ಸವಾಲು ಅದರಲ್ಲಿದೆ. ಬಹಳ ಜನ ಅಲ್ಲೇ ಬೇಸತ್ತು ಬಿಡುತ್ತಾರೆ. ಅವರು ಬಿಟ್ಟುಬಿಡುವುದು ಆ ತಾಣದ್ದೇ ಇನ್ನೊಂದು ನಿಯಮವನ್ನು ಓದದೆ: ಚಿತ್ರಕ್ಕೆ ಕೊಡುವ ಸಮಯದ ಅರ್ಧ ಬರೀ ಖುಷಿಗೆ ಇರಬೇಕು. ಮನುಷ್ಯರ ಭಂಗಿ ಬಿಡಿಸಲು ಲೈನ್ ಆಫ್ ಆ್ಯಕ್ಷನ್, 30 ಸೆಕೆಂಡಿಗೊಂದು ಫೋಟೋ ಬದಲಾಗುತ್ತದೆ. ಮೊದಲ ವಾರ ಎಲ್ಲ ಗೊಂಬೆಗಳೂ ಕುಂಟುತ್ತವೆ, ಇರಲಿ ಬಿಡಿ.

ರಂಗೋಲಿ, ಸೀರೆಯ ಅಂಚು ಇಷ್ಟಪಡುವವರಿಗೆ ಎಷರ್‌ಸ್ಕೆಚ್. ಒಂದು ಗೆರೆ ಎಳೆದರೆ ಅದು ನಾಲ್ಕೂ ದಿಕ್ಕಿಗೆ ಕನ್ನಡಿ ಹಿಡಿದಂತೆ ಹರಡಿಕೊಳ್ಳುತ್ತದೆ. ಸಪಾಟಾದ ನೆಲದ ಮೇಲೆ ವಿನ್ಯಾಸವೊಂದು ಹೀಗೆ ಮರುಕಳಿಸಲು ಇರುವ ದಾರಿಗಳು ಗಣಿತದ ಪ್ರಕಾರ 17. ವೀವ್‌ಸಿಲ್ಕ್ ನೋಡಲು ಇನ್ನೂ ಚೆಂದ, ಹೊಗೆಯಂಥ ಬಣ್ಣದ ಎಳೆಗಳು, ಆದರೆ ಅಲ್ಲಿಂದ ಸಿಗುವ ಚಿತ್ರ ಪರದೆಯಷ್ಟೇ ದೊಡ್ಡದು, ಅಚ್ಚಿಗೆ ಸಾಲದು. ಕರಕುಶಲದ ವಿವರ ಬೇಕಾದರೆ ಐಐಟಿ ಬಾಂಬೆಯವರ ಡಿಸೋರ್ಸ್: ಚನ್ನಪಟ್ಟಣದ ಗೊಂಬೆಯಂಥವುಗಳನ್ನು ಉಪಕರಣದಿಂದ ಹಿಡಿದು ಅರಗಿನ ಬಣ್ಣದವರೆಗೆ ಫೋಟೋ ಸಮೇತ ದಾಖಲಿಸಿದ್ದಾರೆ. ಮಕ್ಕಳ ಕಥೆ ಮಾಡುವ ಆಸೆ ಇದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್, 2015ರಿಂದ ನಡೆಯುತ್ತಿದೆ. ಅಲ್ಲಿನ ಚಿತ್ರಗಳಿಗೆ ನಿಮ್ಮ ಕನ್ನಡ ಕಥೆ ಸೇರಿಸಿ ಪ್ರಕಟಿಸಬಹುದು, ಚಿತ್ರಕಾರರ ಹೆಸರು ಹಾಕಬೇಕು.

ದಸರಾ ಬೊಂಬೆ ಕೂರಿಸುವ ಮನೆಯಾದರೆ ಕ್ಯಾನನ್‌ನವರ ಕ್ರಿಯೇಟಿವ್ ಪಾರ್ಕ್ ಬಿಡಬೇಡಿ. ಪ್ರಾಣಿ, ಕಟ್ಟಡ, ರೈಲುಗಳ ಕಾಗದದ ಮಾದರಿಗಳು ಪುಕ್ಕಟೆ, ಮೆಟ್ಟಿಲ ಕೆಳಗಿನ ಪಾರ್ಕು, ಮೃಗಾಲಯ ತುಂಬಿಸಲು ಹೇಳಿಮಾಡಿಸಿದವು. ಮನೆಯಲ್ಲಿಟ್ಟುಕೊಳ್ಳಲು ಮಾತ್ರ, ಮಾಡಿ ಮಾರುವ ಯೋಚನೆ ಬೇಡ. 160ರಿಂದ 200 ಜಿಎಸ್‌ಎಂ ಹಾಳೆ ಇರಲಿ. ತೆಳುವಾದರೆ ಆನೆಯ ಕಾಲು ಬಾಗುತ್ತದೆ, ಹೆಚ್ಚು ದಪ್ಪವಾದರೆ ಸೊಂಡಿಲಿನಂಥ ಸಣ್ಣ ಸುರುಳಿ ಬಾರದು. ಫೆವಿಕಾಲನ್ನು ಬಾಟಲಿಯಿಂದ ಸುರಿಯದೆ ಕಡ್ಡಿಯ ತುದಿಯಲ್ಲಿ ಸವರಿ, ಒಂದು ಅಂಟು ಹಿಡಿದ ಮೇಲೆ ಇನ್ನೊಂದಕ್ಕೆ ಹೋಗಿ. ದೊಡ್ಡ ಮಾದರಿಗೆ ಎರಡು ಮೂರು ಸಂಜೆ ಹಿಡಿಯುತ್ತದೆ, ಆದ್ದರಿಂದ ಮಹಾಲಯ ಅಮಾವಾಸ್ಯೆಗೆ ಹದಿನೈದು ದಿನ ಇರುವಾಗಲೇ ಕತ್ತರಿ ಹಿಡಿಯಿರಿ.